ಒಟ್ಲು ಹಾಕುವ ಮೊದಲೇ ತಿಳಿಯಬೇಕಾದ ಲೆಕ್ಕ

(ಮುಂಗಾರಿನ ಮುನ್ಸೂಚನೆ ಮತ್ತು ಕಾವೇರಿ ನೀರು ಕುರಿತ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಪ್ರತಿ ವರ್ಷ ಏಪ್ರಿಲ್ ಮಧ್ಯದಲ್ಲಿ ಭಾರತೀಯ ಹವಾಮಾನ ಇಲಾಖೆ ಒಂದು ಸಂಖ್ಯೆ ಹೇಳುತ್ತದೆ. ಈ ಸಲದ ಮುಂಗಾರು ವಾಡಿಕೆಯ ಶೇ 96, ಇಲ್ಲವೇ ಶೇ 106, ಹೀಗೆ. ಮರುದಿನ ಎಲ್ಲ ಪತ್ರಿಕೆಗಳ ಮುಖಪುಟದಲ್ಲೂ ಅದೇ ಸುದ್ದಿ. ಷೇರುಪೇಟೆಯವರು ನೋಡುತ್ತಾರೆ, ಟ್ರ್ಯಾಕ್ಟರ್ ಮಾರುವವರು ನೋಡುತ್ತಾರೆ, ಸರ್ಕಾರದವರೂ ನೋಡುತ್ತಾರೆ. ಆದರೆ ಕನ್ನಂಬಾಡಿ ಕಟ್ಟೆಯಿಂದ, ಅಂದರೆ ಕೆಆರ್‌ಎಸ್ ಜಲಾಶಯದಿಂದ, ನಾಲೆಗೆ ನೀರು ಬಿಡುವಾಗ ಆ ಸಂಖ್ಯೆಗೆ ಏನು ಬೆಲೆ? ಮದ್ದೂರು, ಮಳವಳ್ಳಿ ಕಡೆಯ ಕೊನೇಭಾಗದ ರೈತರು ಈ ವರ್ಷ ಭತ್ತದ ಒಟ್ಲು (ಸಸಿಮಡಿ) ಹಾಕಬೇಕೋ ಬೇಡವೋ ಎಂದು ಅದರಿಂದ ತಿಳಿದುಕೊಳ್ಳಬಹುದಾ?

ನನ್ನ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಮುನ್ಸೂಚನೆಯಲ್ಲಿ ಸತ್ವ ಇದೆ. ಪೂರ್ತಿ ಅಲ್ಲ, ಆದರೆ ಬಳಸಿಕೊಳ್ಳುವಷ್ಟು ಇದೆ. ತೊಂದರೆ ಏನೆಂದರೆ ನಾವು ಅದನ್ನು ಮಳೆಯ ಸುದ್ದಿಯಾಗಿ ಕೇಳುತ್ತೇವೆ, ನೀರಿನ ಲೆಕ್ಕವಾಗಿ ಮಾಡಿಕೊಳ್ಳುವುದಿಲ್ಲ. ಆ ಲೆಕ್ಕ ಆಗಬೇಕು. ಆಗಿ, ಒಟ್ಲು ಹಾಕುವ ಮೊದಲೇ ಎಲ್ಲರ ಮುಂದೆ ಬರಬೇಕು.

ಕಟ್ಟೆಗಳ ಜಮಾ ಖರ್ಚು

ಕಾವೇರಿ ಕಣಿವೆಯಲ್ಲಿ ನಮ್ಮ ರಾಜ್ಯದ ನಾಲ್ಕು ದೊಡ್ಡ ಜಲಾಶಯಗಳಿವೆ. ಹಾರಂಗಿ 8.5 ಟಿಎಂಸಿ, ಹೇಮಾವತಿ 37.1, ಕೆಆರ್‌ಎಸ್ 49.45, ಕಬಿನಿ 19.52. ನಾಲ್ಕೂ ಅಂಚಿನ ತನಕ ತುಂಬಿದರೆ ಸುಮಾರು 114.5 ಟಿಎಂಸಿ. ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ, ಅಂದರೆ ಸುಮಾರು 2,830 ಕೋಟಿ ಲೀಟರ್.

ಈಗ ಖರ್ಚಿನ ಕಡೆ ನೋಡಿ. 2018ರ ಫೆಬ್ರವರಿ 16ರಂದು ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನ ಪ್ರಕಾರ ಸಾಮಾನ್ಯ ಮಳೆಯ ವರ್ಷದಲ್ಲಿ ರಾಜ್ಯದ ಗಡಿಯಲ್ಲಿ ನೀರು ಅಳೆಯುವ ಬಿಳಿಗುಂಡ್ಲುವಿನಲ್ಲಿ 177.25 ಟಿಎಂಸಿ ನೀರು ತಮಿಳುನಾಡಿಗೆ ಹರಿಯಬೇಕು. ಅದಕ್ಕೆ ತಿಂಗಳವಾರು ಪಟ್ಟಿ ಇದೆ. ಜೂನ್ 9.19, ಜುಲೈ 31.24, ಆಗಸ್ಟ್ 45.95, ಸೆಪ್ಟೆಂಬರ್ 36.76. ಈ ನಾಲ್ಕು ತಿಂಗಳದ್ದನ್ನೇ ಕೂಡಿಸಿದರೆ 123 ಟಿಎಂಸಿ ದಾಟುತ್ತದೆ. ಅಂದರೆ ನಮ್ಮ ನಾಲ್ಕೂ ಕಟ್ಟೆಗಳ ಪೂರ್ತಿ ಹೊಟ್ಟೆಗಿಂತ ಜಾಸ್ತಿ. ಶಿಂಷಾ, ಅರ್ಕಾವತಿ ಕಡೆಯಿಂದ ಬರುವ ನೀರೂ ಬಿಳಿಗುಂಡ್ಲುವಿನ ಲೆಕ್ಕಕ್ಕೆ ಸೇರುತ್ತದೆ, ನಿಜ. ಆದರೂ ದೊಡ್ಡ ಪಾಲು ಮೇಲಿನಿಂದಲೇ ಬರಬೇಕು. ಇದರ ಜೊತೆಗೆ ನಮ್ಮ ನಾಲೆಗಳು, ಮೈಸೂರು, ಮಂಡ್ಯ. ಆಮೇಲೆ ಬೆಂಗಳೂರು. 2024ರ ಅಕ್ಟೋಬರ್‌ನಲ್ಲಿ ಕಾವೇರಿ ಕುಡಿಯುವ ನೀರಿನ ಯೋಜನೆಯ ಐದನೇ ಹಂತ ಶುರುವಾದ ಮೇಲೆ ಎಲ್ಲ ಹಂತಗಳೂ ಪೂರ್ತಿ ಓಡಿದರೆ ಬೆಂಗಳೂರಿಗೆ ದಿನಕ್ಕೆ 222.5 ಕೋಟಿ ಲೀಟರ್ ಬೇಕು. ತಿಂಗಳಿಗೆ ಹತ್ತಿರ ಹತ್ತಿರ 2.4 ಟಿಎಂಸಿ.

ಹಾಗಾಗಿ ಕಾವೇರಿಯಲ್ಲಿ ಹಳೇ ಉಳಿಕೆ ನಂಬಿಕೊಂಡು ಕೂರುವ ಹಾಗಿಲ್ಲ. ಆಯಾ ವರ್ಷದ ಮಳೆಯೇ ಆಯಾ ವರ್ಷದ ಅನ್ನ. ಅದೂ ಜುಲೈ, ಆಗಸ್ಟ್ ಎರಡು ತಿಂಗಳು ಕೊಡಗು, ವಯನಾಡು, ಸಕಲೇಶಪುರ, ಮೂಡಿಗೆರೆಯ ಬೆಟ್ಟಗಳ ಮೇಲೆ ಏನು ಬೀಳುತ್ತದೋ ಅದರ ಮೇಲೆ ಇಡೀ ವರ್ಷ ನಿಂತಿದೆ.

ಕ್ಯಾಲಿಫೋರ್ನಿಯಾದಲ್ಲಿ ಪರಿಸ್ಥಿತಿ ಬೇರೆ. ಅಲ್ಲಿ ಬೇಸಿಗೆಯ ನೀರಿನ ದೊಡ್ಡ ಪಾಲು ಚಳಿಗಾಲದಲ್ಲೇ ಸಿಯೆರಾ ನೆವಾಡಾ ಬೆಟ್ಟಗಳ ಮೇಲೆ ಹಿಮವಾಗಿ ಕೂತಿರುತ್ತದೆ. ಏಪ್ರಿಲ್ ಆರಂಭದಲ್ಲಿ ಹೋಗಿ ಕೊಳವೆ ಚುಚ್ಚಿ, ತೂಕ ಹಾಕಿ, ಎಷ್ಟು ನೀರು ಕರಗಿ ಬರುತ್ತದೆ ಎಂದು ಲೆಕ್ಕ ಹಾಕುತ್ತಾರೆ. ಬಿದ್ದಾಗಿರುವುದನ್ನು ಅಳೆಯುವುದು ಅದು. ಸಹ್ಯಾದ್ರಿಯಲ್ಲಿ ನಮಗೆ ಆ ಅನುಕೂಲ ಇಲ್ಲ. ಮೇ ತಿಂಗಳಲ್ಲಿ ತಲಕಾವೇರಿ ಹತ್ತಿದರೆ ಅಳೆಯಲು ಏನೂ ಸಿಗುವುದಿಲ್ಲ. ನಮ್ಮ ನೀರು ಇನ್ನೂ ಸಮುದ್ರದಲ್ಲೇ ಇರುತ್ತದೆ. ಅದಕ್ಕೇ ನಮಗೆ ಮುನ್ಸೂಚನೆ ಅವರಿಗಿಂತ ಹೆಚ್ಚು ಮುಖ್ಯ.

ನಾಲ್ಕು ತಿಂಗಳು ಮೊದಲೇ ಹೇಗೆ ಹೇಳುತ್ತಾರೆ?

ಹತ್ತು ದಿನದ ಮೇಲಿನ ಹವಾಮಾನವನ್ನೇ ಸರಿಯಾಗಿ ಹೇಳಲಾಗುವುದಿಲ್ಲ, ನಾಲ್ಕು ತಿಂಗಳದ್ದು ಹೇಗೆ ಹೇಳುತ್ತಾರೆ ಎಂದು ಬಹಳ ಜನ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಜುಲೈ 18ಕ್ಕೆ ಮಡಿಕೇರಿಯಲ್ಲಿ ಮಳೆ ಬರುತ್ತದಾ ಎಂದು ಏಪ್ರಿಲ್‌ನಲ್ಲಿ ಯಾರೂ ಹೇಳಲಾರರು. ಗಾಳಿಗೆ ಅಷ್ಟು ದಿನದ ನೆನಪಿಲ್ಲ. ಆದರೆ ಸಮುದ್ರಕ್ಕೆ ಇದೆ. ಬಚ್ಚಲ ಹಂಡೆಯ ಒಲೆ ಆರಿ ಎಷ್ಟೋ ಹೊತ್ತಾದರೂ ನೀರು ಬಿಸಿಯಾಗಿಯೇ ಇರುತ್ತದಲ್ವಾ, ಹಾಗೆ ಸಮುದ್ರದ ಮೇಲ್ಮೈ ಒಮ್ಮೆ ಕಾದರೆ ತಿಂಗಳುಗಟ್ಟಲೆ ಕಾದೇ ಇರುತ್ತದೆ. ಅದರ ಮೇಲಿನ ಗಾಳಿಯನ್ನು ಅದು ಒಂದು ಕಡೆಗೆ ವಾಲಿಸುತ್ತಲೇ ಇರುತ್ತದೆ. ಉಷ್ಣವಲಯದಲ್ಲಿ ಇಡೀ ಋತುವಿನ ಮಳೆಯನ್ನು ಮುಂಚಿತವಾಗಿ ಅಂದಾಜು ಮಾಡಲು ಇದೇ ಆಧಾರ ಎಂದು ಹವಾಮಾನ ವಿಜ್ಞಾನಿಗಳಾದ ಜೂಲ್ ಚಾರ್ನಿ ಮತ್ತು ನಮ್ಮ ದೇಶದವರೇ ಆದ ಜಗದೀಶ್ ಶುಕ್ಲಾ 1981ರಲ್ಲಿ ವಾದಿಸಿದರು.

ಎಲ್ಲರಿಗೂ ಗೊತ್ತಿರುವ ಎಲ್ ನಿನೊ ಇದೇ. ಪೆಸಿಫಿಕ್ ಸಾಗರದ ನಡುವೆ ಮತ್ತು ಪೂರ್ವದಲ್ಲಿ, ಸಮಭಾಜಕದ ಉದ್ದಕ್ಕೂ, ನೀರು ವಾಡಿಕೆಗಿಂತ ಅರ್ಧ ಡಿಗ್ರಿಯೋ ಅದಕ್ಕಿಂತ ಜಾಸ್ತಿಯೋ ಬಿಸಿಯಾಗುತ್ತದೆ. ಗಾಳಿ ಅಲ್ಲಿ ಮೇಲೇರುತ್ತದೆ, ನಮ್ಮ ಕಡೆ ಕೆಳಗಿಳಿಯುತ್ತದೆ. ಕೆಳಗಿಳಿಯುವ ಗಾಳಿಯಲ್ಲಿ ಮೋಡ ಕಟ್ಟುವುದು ಕಷ್ಟ. ಅರ್ಧ ಡಿಗ್ರಿ ಎಂದರೆ ಕೈ ಅದ್ದಿದರೆ ಗೊತ್ತಾಗದಷ್ಟು. ಆದರೆ ಅಷ್ಟು ದೊಡ್ಡ ಸಮುದ್ರ ಅಷ್ಟು ಕಾದರೂ ಸಾಕು, ಮಂಡ್ಯದ ಗದ್ದೆ ಒಣಗಬಹುದು.

ಈ ನಂಟು ಕಂಡುಕೊಳ್ಳಲು ಬಹಳ ಕಾಲ ಹಿಡಿಯಿತು. ಹವಾಮಾನ ಇಲಾಖೆ ಹುಟ್ಟಿದ್ದು 1875ರಲ್ಲಿ. ಮರುವರ್ಷವೇ ದಕ್ಷಿಣ ಭಾರತದಲ್ಲಿ ಆ ಭೀಕರ ಕ್ಷಾಮ ಶುರುವಾಯಿತು. ಮೈಸೂರು ಸಂಸ್ಥಾನದಲ್ಲಿ ಲಕ್ಷಾಂತರ ಜನ ಸತ್ತರು. ಮಳೆ ಕೈಕೊಡುವುದನ್ನು ಮೊದಲೇ ತಿಳಿಯಲು ಸಾಧ್ಯವೇ ಎಂದು ಸರ್ಕಾರ ಕೇಳಿತು. ಇಲಾಖೆಯ ಮುಖ್ಯಸ್ಥ ಹೆನ್ರಿ ಬ್ಲ್ಯಾನ್‌ಫೋರ್ಡ್ ಹಿಮಾಲಯದ ಹಿಮ ಜಾಸ್ತಿಯಾದರೆ ಮುಂಗಾರು ಸೊರಗುತ್ತದೆ ಎಂಬ ಲೆಕ್ಕದ ಮೇಲೆ ಮುನ್ಸೂಚನೆ ಕೊಡಲು ಶುರು ಮಾಡಿದರು. ಮೊದಲ ಅಧಿಕೃತ ಮುನ್ಸೂಚನೆ 1886ರ ಜೂನ್ 4ರದ್ದು.

ಆಮೇಲೆ ಇಲಾಖೆಯ ಮುಖ್ಯಸ್ಥರಾಗಿ ಗಿಲ್ಬರ್ಟ್ ವಾಕರ್ ಬಂದರು, 1904ರಲ್ಲಿ. ಮೂಲತಃ ಗಣಿತದವರು. ಜಗತ್ತಿನ ಎಲ್ಲೆಲ್ಲಿಂದಲೋ ಗಾಳಿಯೊತ್ತಡದ, ಮಳೆಯ ಅಂಕಿಗಳನ್ನು ತರಿಸಿ, ಗುಮಾಸ್ತರನ್ನು ಕೂರಿಸಿ, ಕೈಯಲ್ಲೇ ಲೆಕ್ಕ ಹಾಕಿಸಿದರು. ದಕ್ಷಿಣ ಅಮೆರಿಕದ ಒತ್ತಡ, ಮಾರಿಷಸ್‌ನ ಒತ್ತಡ, ಜಾಂಜಿಬಾರ್‌ನ ಮಳೆ, ಎಲ್ಲದರ ಜೊತೆಗೂ ನಮ್ಮ ಮುಂಗಾರನ್ನು ತಾಳೆ ಹಾಕಿ ನೋಡಿದರು. ಪೆಸಿಫಿಕ್ ಕಡೆ ಒತ್ತಡ ಏರಿದಾಗ ಹಿಂದೂ ಮಹಾಸಾಗರದ ಕಡೆ ಇಳಿಯುವ, ಇಲ್ಲಿ ಏರಿದಾಗ ಅಲ್ಲಿ ಇಳಿಯುವ ಏರಿಳಿತ ಕಂಡುಹಿಡಿದರು. ಅದಕ್ಕೂ ಪೆಸಿಫಿಕ್ ನೀರು ಬಿಸಿಯಾಗುವುದಕ್ಕೂ ಇರುವ ನಂಟನ್ನು ಹವಾಮಾನ ವಿಜ್ಞಾನಿ ಯಾಕೋಬ್ ಬ್ಯೆರ್ಕ್‌ನೆಸ್ ಬಿಡಿಸಿ ಹೇಳಿದ್ದು 1969ರಲ್ಲಿ. ಭಾರತದ ಬರದ ಚಿಂತೆಯಿಂದ ಶುರುವಾದ ಹುಡುಕಾಟ ಇಡೀ ಜಗತ್ತಿನ ಹವಾಮಾನ ವಿಜ್ಞಾನಕ್ಕೆ ದಾರಿ ತೋರಿಸಿತು. ಇದನ್ನು ನಮ್ಮ ಶಾಲೆಗಳಲ್ಲಿ ಹೇಳಿಕೊಡಬೇಕು ಎಂದು ನನಗೆ ಬಹಳ ಅನಿಸುತ್ತದೆ.

ಈ ದಾರಿಯಲ್ಲಿ ಎಡವಿದ್ದೂ ಇದೆ. 1988ರಲ್ಲಿ ವಸಂತ ಗೋವಾರಿಕರ್ ಅವರ ತಂಡದ 16 ಅಂಶಗಳ ಸೂತ್ರ ಬಂತು. ವರ್ಷದಿಂದ ವರ್ಷಕ್ಕೆ ಅದು ಸಾಮಾನ್ಯ ಮುಂಗಾರು ಎನ್ನುತ್ತಿತ್ತು, ಮಳೆಯೂ ಹಾಗೇ ಬರುತ್ತಿತ್ತು. 2002ರಲ್ಲಿ ಶೇ 101 ಎಂದರು. ಜುಲೈ ತಿಂಗಳಲ್ಲಿ ದೇಶಕ್ಕೆ ವಾಡಿಕೆಯ ಅರ್ಧದಷ್ಟು ಮಳೆಯೂ ಕಷ್ಟಕ್ಕೆ ಬಂತು. ಋತು ಮುಗಿದಾಗ ಶೇ 81. ಆಗ ಒಂದು ವಿಷಯ ಎಲ್ಲರಿಗೂ ಮನದಟ್ಟಾಯಿತು. ಮುಕ್ಕಾಲುಪಾಲು ವರ್ಷಗಳಲ್ಲಿ ಮಳೆ ಸಾಮಾನ್ಯಕ್ಕೆ ಹತ್ತಿರವೇ ಇರುತ್ತದೆ. ಹಾಗಿರುವಾಗ ಪ್ರತಿ ಸಲ ಸಾಮಾನ್ಯ ಎಂದು ಹೇಳಿದವರೂ ಬಹಳ ವರ್ಷ ಗೆಲ್ಲುತ್ತಾರೆ. ಮುನ್ಸೂಚನೆಯ ಬೆಲೆ ಗೊತ್ತಾಗುವುದು ಕೆಟ್ಟ ವರ್ಷದಲ್ಲಿ. 2009ರಲ್ಲೂ ಹಾಗೇ ಆಯಿತು, ಏಪ್ರಿಲ್‌ನಲ್ಲಿ ಶೇ 96 ಎಂದಿದ್ದು ಕೊನೆಗೆ 78ಕ್ಕೆ ಇಳಿಯಿತು.

2012ರಲ್ಲಿ ಕೇಂದ್ರ ಭೂವಿಜ್ಞಾನ ಸಚಿವಾಲಯ ಮುಂಗಾರು ಮಿಷನ್ ಶುರು ಮಾಡಿತು. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯಲ್ಲಿ ಸಮುದ್ರ ಮತ್ತು ವಾತಾವರಣವನ್ನು ಒಟ್ಟಿಗೆ ಲೆಕ್ಕ ಹಾಕುವ ಕಂಪ್ಯೂಟರ್ ಮಾದರಿ ಬೆಳೆಯಿತು. 2021ರಿಂದ ಹಲವು ಮಾದರಿಗಳ ಫಲಿತಾಂಶ ಸೇರಿಸಿ ಮುನ್ಸೂಚನೆ ಕೊಡುತ್ತಾರೆ, ತಿಂಗಳು ತಿಂಗಳೂ ಪರಿಷ್ಕರಿಸುತ್ತಾರೆ. 2015ರಲ್ಲಿ ಜೂನ್ ಆರಂಭಕ್ಕೆ ಶೇ 88 ಎಂದಿದ್ದರು, ಬಂದದ್ದು 86. 2024ಕ್ಕೆ 106 ಎಂದರು, 108 ಬಂತು. ಮೊದಲಿಗಿಂತ ಖಂಡಿತ ಉತ್ತಮ.

ಆದರೆ ಎಲ್ ನಿನೊ ಬಂದರೆ ಬರ ಎಂದು ಕಣ್ಣುಮುಚ್ಚಿ ಹೇಳುವ ಹಾಗೂ ಇಲ್ಲ. 1997ರ ಎಲ್ ನಿನೊ ಆ ಶತಮಾನದ ಅತಿ ಬಲವಾದವುಗಳಲ್ಲಿ ಒಂದು. ಆ ವರ್ಷ ದೇಶದ ಮಳೆ ಶೇ 102. ಹಿಂದೂ ಮಹಾಸಾಗರ ಆಗ ನಮ್ಮ ಕೈ ಹಿಡಿಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸುಲೋಚನಾ ಗಾಡ್ಗೀಳ್ ಮತ್ತು ಸಂಗಡಿಗರು ಈ ಬಗ್ಗೆ ಬಹಳ ಕೆಲಸ ಮಾಡಿದರು. ನಮ್ಮ ಸಮುದ್ರದ ಪಶ್ಚಿಮ ಭಾಗದಲ್ಲಿ ಮೋಡ ಜಾಸ್ತಿಯಾಗಿ ಪೂರ್ವದಲ್ಲಿ ಕಡಿಮೆಯಾದರೆ ಮುಂಗಾರಿಗೆ ಒಳ್ಳೆಯದು ಎಂದು ತೋರಿಸಿದರು. ಅವರು ಪಾವಗಡ ಕಡೆಯ ರೈತರ ಜೊತೆ ಕೂತು, ಕಡಲೆಕಾಯಿ ಯಾವಾಗ ಬಿತ್ತಿದರೆ ನಷ್ಟ ಕಡಿಮೆ ಎಂಬುದನ್ನೂ ಹಳೆಯ ಮಳೆ ಲೆಕ್ಕ ಹಿಡಿದು ನೋಡಿದವರು. ನಾನು ಇವತ್ತು ಹೇಳುತ್ತಿರುವುದರ ದಾರಿ ಅದೇ. ಅವರದು ಮಳೆಯಾಶ್ರಿತ ಹೊಲ, ನನ್ನ ಮಾತು ನಾಲೆ ಬಯಲಿನದು.

2023ರಲ್ಲಿ ಆದದ್ದು

ಒಂದು ವರ್ಷವನ್ನು ಹತ್ತಿರದಿಂದ ನೋಡೋಣ. 2023ರ ಏಪ್ರಿಲ್‌ನಲ್ಲಿ ಇಲಾಖೆ ಹೇಳಿದ್ದು ಶೇ 96, ಐದು ಹೆಚ್ಚು ಕಡಿಮೆ. ಎಲ್ ನಿನೊ ಬರಬಹುದು ಎಂಬ ಎಚ್ಚರಿಕೆಯೂ ಜೊತೆಗಿತ್ತು. ಜೂನ್ 8ಕ್ಕೆ ಅಮೆರಿಕದ ಹವಾಮಾನ ಸಂಸ್ಥೆ ಎಲ್ ನಿನೊ ಶುರುವಾಗಿದೆ ಎಂದು ಘೋಷಿಸಿತು. ಋತು ಮುಗಿದಾಗ ದೇಶದ ಮಳೆ ಶೇ 94. ಕಾಗದದ ಮೇಲೆ ಮುನ್ಸೂಚನೆ ಸರಿಯಾಗಿಯೇ ಇತ್ತು.

ಅದೇ ವರ್ಷ ಕರ್ನಾಟಕದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾದವು.

ಎರಡೂ ಹೇಗೆ ನಿಜವಾಗುತ್ತವೆ? ದೇಶದ ಸರಾಸರಿ ಎಂಬುದು ರಾಜಸ್ಥಾನ, ಅಸ್ಸಾಂ, ಕೊಡಗು ಎಲ್ಲವನ್ನೂ ಕೂಡಿಸಿದ ಸಂಖ್ಯೆ. ಆ ವರ್ಷ ವಾಯವ್ಯ ಭಾರತಕ್ಕೆ ಶೇ 101 ಮಳೆ ಬಂತು, ದಕ್ಷಿಣಕ್ಕೆ 92. ದಕ್ಷಿಣದ ಒಳಗೂ ನಮ್ಮ ಕಣಿವೆಗೆ ಬೇರೆ. ತಿಂಗಳುಗಳಲ್ಲೂ ಅಷ್ಟೇ ಏರುಪೇರು. ದೇಶದ ಲೆಕ್ಕದಲ್ಲಿ ಜುಲೈ ಶೇ 113, ಆಗಸ್ಟ್ ಶೇ 64. 1901ರಿಂದ ಈಚೆಗೆ ಅಷ್ಟು ಒಣಗಿದ ಆಗಸ್ಟ್ ಬಂದಿರಲಿಲ್ಲ. ಮಘೆ ಮಳೆ ಬಂದಷ್ಟೂ ಒಳ್ಳೇದು, ಮನೆ ಮಗ ಉಂಡಷ್ಟೂ ಒಳ್ಳೇದು ಅಂತ ಹಿರಿಯರು ಹೇಳುತ್ತಾರಲ್ಲ, ಆ ಮಘೆಯೇ ಆ ವರ್ಷ ಕೈಕೊಟ್ಟಿತು. ಜುಲೈ ಕೊನೆಯ ಮಳೆಗೆ ಕೆಆರ್‌ಎಸ್ ಏರಿತು, ಎಲ್ಲರಿಗೂ ಆಸೆ ಬಂತು. ಆದರೆ ಕಟ್ಟೆ ತುಂಬಿದ ಮಟ್ಟವಾದ 124.80 ಅಡಿ ಆ ವರ್ಷ ಮುಟ್ಟಲೇ ಇಲ್ಲ.

ನನ್ನನ್ನು ಬಹಳ ಕಾಡುವುದು ಜುಲೈ 31ರ ಮುನ್ಸೂಚನೆ. ಆ ದಿನ ಇಲಾಖೆ ಆಗಸ್ಟ್‌ನಲ್ಲಿ ದೇಶದ ಮಳೆ ವಾಡಿಕೆಗಿಂತ ಕಡಿಮೆ ಇರುವ ಸಾಧ್ಯತೆಯೇ ಜಾಸ್ತಿ ಎಂದು ಹೇಳಿತ್ತು. ಇಷ್ಟು ಕಡಿಮೆ ಎಂದು ಹೇಳಿರಲಿಲ್ಲ. ಆದರೆ ದಿಕ್ಕು ಸರಿಯಾಗಿತ್ತು. ಕಟ್ಟೆಗೆ ನೀರು ಬರುತ್ತಿದ್ದ, ಗದ್ದೆಯಲ್ಲಿ ನಾಟಿ ನಡೆಯುವ ಹೊತ್ತು ಅದು. ಆ ಒಂದು ಸಾಲು ಕಣಿವೆಯ ಪ್ರತಿ ಹಳ್ಳಿಗೂ ಲೆಕ್ಕದ ರೂಪದಲ್ಲಿ ತಲುಪಬೇಕಿತ್ತು.

ಆಗಸ್ಟ್ ಕೊನೆಗೆ ಜಗಳ ಶುರುವಾಯಿತು. 15 ದಿನ ತಮಿಳುನಾಡಿಗೆ 5,000 ಕ್ಯುಸೆಕ್, ಅಂದರೆ ಸೆಕೆಂಡಿಗೆ 5,000 ಘನ ಅಡಿ, ನೀರು ಬಿಡಿ ಎಂದು ಕಾವೇರಿ ನೀರು ನಿಯಂತ್ರಣ ಸಮಿತಿ ಹೇಳಿತು. ಕೇಳಲು ಸಣ್ಣದು. ಲೆಕ್ಕ ಹಾಕಿದರೆ ಸುಮಾರು 6.5 ಟಿಎಂಸಿ. ಆಗ ಬೆಂಗಳೂರಿಗೆ ಹೋಗುತ್ತಿದ್ದ ಕಾವೇರಿ ನೀರಿನಲ್ಲಿ ನಾಲ್ಕು ತಿಂಗಳ ಪಾಲು. ಸೆಪ್ಟೆಂಬರ್ 26ಕ್ಕೆ ಬೆಂಗಳೂರು ಬಂದ್, 29ಕ್ಕೆ ಕರ್ನಾಟಕ ಬಂದ್. ಅತ್ತ ತಂಜಾವೂರು ಕಡೆಯ ರೈತರ ಬೆಳೆಯೂ ಒಣಗುತ್ತಿತ್ತು. ಅವರ ಸಂಕಟವೂ ಸಂಕಟವೇ.

ಸಮಿತಿ ಕೊರತೆಯನ್ನು ಅಳೆಯುವ ರೀತಿ ಹೀಗಿದೆ. ಜೂನ್‌ನಿಂದ ಈವರೆಗೆ ನಾಲ್ಕು ಕಟ್ಟೆಗಳಿಗೆ ಎಷ್ಟು ನೀರು ಬಂದಿದೆ, 30 ವರ್ಷದ ಸರಾಸರಿಗಿಂತ ಎಷ್ಟು ಕಡಿಮೆ ಎಂದು ನೋಡುತ್ತಾರೆ. ಆ ಪ್ರಮಾಣದಲ್ಲಿ ಬಿಡಬೇಕಾದ ನೀರನ್ನೂ ಕಡಿಮೆ ಮಾಡುತ್ತಾರೆ. ಇದರಲ್ಲಿ ತಪ್ಪಿಲ್ಲ, ಆದರೆ ಇದು ಹಿಂದೆ ತಿರುಗಿ ನೋಡುವ ಲೆಕ್ಕ ಮಾತ್ರ. ಮುಂದೆ ಏನು ಬರಬಹುದು ಎಂಬುದಕ್ಕೆ ಅಲ್ಲಿ ಗಟ್ಟಿಯಾದ ಜಾಗ ಬೇಕು.

ಎರಡು ರಾಜ್ಯ, ಎರಡು ಮಳೆಗಾಲ

ಇಲ್ಲಿ ಒಂದು ವಿಷಯ ಇದೆ. ಬಹಳ ಜನರ ಗಮನಕ್ಕೆ ಬಂದಿಲ್ಲ.

ಕಾವೇರಿಯ ಮೇಲ್ಭಾಗಕ್ಕೆ ಮಳೆ ತರುವುದು ಜೂನ್‌ನಿಂದ ಸೆಪ್ಟೆಂಬರ್‌ನ ಮುಂಗಾರು. ಕೆಳಭಾಗದ ತಮಿಳುನಾಡಿಗೆ ಮುಖ್ಯ ಮಳೆಗಾಲ ಅಕ್ಟೋಬರ್‌ನಿಂದ ಡಿಸೆಂಬರ್‌ನ ಹಿಂಗಾರು. ಎಲ್ ನಿನೊ ಮುಂಗಾರನ್ನು ಸೊರಗಿಸುತ್ತದೆ ಎಂದೆನಲ್ಲ, ಅದೇ ಎಲ್ ನಿನೊ ತಮಿಳುನಾಡಿನ ಹಿಂಗಾರಿಗೆ ಸಾಮಾನ್ಯವಾಗಿ ಬಲ ಕೊಡುತ್ತದೆ. 2015ರ ಎಲ್ ನಿನೊ ವರ್ಷ ಕರ್ನಾಟಕದಲ್ಲಿ ಬರ, ಡಿಸೆಂಬರ್ ಆರಂಭದಲ್ಲಿ ಚೆನ್ನೈ ಮುಳುಗಿತು. 2023ರಲ್ಲಿ ಇಲ್ಲಿ ಬರ, ಡಿಸೆಂಬರ್‌ನಲ್ಲಿ ಮತ್ತೆ ಚೆನ್ನೈ, ಆಮೇಲೆ ತೂತ್ತುಕುಡಿ, ತಿರುನೆಲ್ವೇಲಿ ಮುಳುಗಿದವು.

ಇದನ್ನು ಹಿಡಿದು, ನಿಮಗೆ ಹೇಗೂ ಮಳೆ ಬರುತ್ತದೆ, ನಾವು ನೀರು ಬಿಡುವುದಿಲ್ಲ ಎಂದು ವಾದಿಸಬಾರದು. 2023ರ ಆ ಮಳೆ ಕಾವೇರಿಗೆ ತಮಿಳುನಾಡಿನಲ್ಲಿ ಕಟ್ಟಿರುವ ಮೆಟ್ಟೂರು ಜಲಾಶಯವನ್ನು ತುಂಬಿಸಲಿಲ್ಲ. ಸೆಪ್ಟೆಂಬರ್‌ನಲ್ಲಿ ಒಣಗುವ ಪೈರಿಗೆ ಡಿಸೆಂಬರ್‌ನ ಮಳೆ ಬಂದು ಏನು ಪ್ರಯೋಜನ? 2016ರಲ್ಲಿ ಎರಡೂ ಕೈಕೊಟ್ಟವು. ಇಲ್ಲಿ ಮುಂಗಾರು ಸೊರಗಿ ಸೆಪ್ಟೆಂಬರ್‌ನಲ್ಲಿ ಕಾವೇರಿ ನೀರಿಗಾಗಿ ಗಲಭೆಯಾಯಿತು, ಅಲ್ಲಿ ಹಿಂಗಾರು ವಾಡಿಕೆಗಿಂತ ಶೇ 62ರಷ್ಟು ಕಡಿಮೆಯಾಯಿತು. ಆ ವರ್ಷದ ಮಳೆಗಾಲದಲ್ಲಿ ಎಲ್ ನಿನೊ ಇರಲಿಲ್ಲ.

ಆದರೂ ಈ ವಾಲುವಿಕೆಗೆ ಬೆಲೆ ಇದೆ. ಸೆಪ್ಟೆಂಬರ್ ಕೊನೆಗೆ ಹವಾಮಾನ ಇಲಾಖೆ ಹಿಂಗಾರಿನ ಮುನ್ಸೂಚನೆಯನ್ನೂ ಕೊಡುತ್ತದೆ. ತಮಿಳುನಾಡು, ಕೇರಳ, ಕರಾವಳಿ ಆಂಧ್ರ, ರಾಯಲಸೀಮೆ, ದಕ್ಷಿಣ ಒಳನಾಡು ಕರ್ನಾಟಕ, ಐದೂ ಅದರಲ್ಲಿ ಸೇರಿವೆ. ಕೊರತೆಯ ವರ್ಷ ನೀರು ಹಂಚಲು ಎರಡೂ ಕಡೆಯವರು ಒಪ್ಪಿದ ಸಂಕಷ್ಟ ಸೂತ್ರ ಇವತ್ತಿಗೂ ಇಲ್ಲ. ಅಂಥದ್ದೊಂದು ಬರೆಯುವ ದಿನ ಬಂದರೆ ಈ ಎರಡು ಮಳೆಗಾಲಗಳ ಮುನ್ಸೂಚನೆ ಅದರ ಒಳಗೆ ಇರಬೇಕು. ಅಕ್ಟೋಬರ್ ನಂತರದ ಕಂತುಗಳನ್ನು ಅದಕ್ಕೆ ತಕ್ಕಂತೆ ಏರಿಸುವ, ಇಳಿಸುವ, ಮುನ್ಸೂಚನೆ ತಪ್ಪಿದರೆ ಸರಿಮಾಡುವ ಒಪ್ಪಂದ ಆಗಬಹುದು. ಇದು ಸಾಧ್ಯ ಎಂದು ನಾನು ಮನಸ್ಸಿನಿಂದ ನಂಬಿದ್ದೇನೆ.

ಲೆಕ್ಕ ಮಾಡುವುದು ಹೇಗೆ

ಇಲಾಖೆಯ ಮುನ್ಸೂಚನೆಯ ಜೊತೆ ಈಗ ಒಂದು ನಕ್ಷೆ ಬರುತ್ತದೆ. ಪತ್ರಿಕೆಗಳಲ್ಲಿ ಅದು ಸಣ್ಣದಾಗಿ ಮೂಲೆಯಲ್ಲಿರುತ್ತದೆ, ಇಲ್ಲವೇ ಇರುವುದೇ ಇಲ್ಲ. ಹಿಂದಿನ ವರ್ಷಗಳನ್ನು ಮೂರು ಸಮಪಾಲು ಮಾಡಿ ಕಡಿಮೆ ಮಳೆ, ವಾಡಿಕೆ ಮಳೆ, ಜಾಸ್ತಿ ಮಳೆ ಎಂದು ಇಟ್ಟಿರುತ್ತಾರೆ. ಏನೂ ಗೊತ್ತಿಲ್ಲದಿದ್ದರೆ ಪ್ರತಿಯೊಂದಕ್ಕೂ ಶೇ 33ರಷ್ಟು ಸಾಧ್ಯತೆ. ಯಾವ ಜಾಗದಲ್ಲಿ ಯಾವುದು ಅದಕ್ಕಿಂತ ಎಷ್ಟು ಮೇಲಿದೆ ಎಂದು ಬಣ್ಣ ಹೇಳುತ್ತದೆ. ನಮ್ಮ ಕಣಿವೆಯ ಮೇಲೆ ಕಡಿಮೆ ಮಳೆಯ ಬಣ್ಣ ಬಂದು ಶೇ 50 ಎಂದಿದ್ದರೆ, ಇಂಥ ಹತ್ತು ವರ್ಷಗಳಲ್ಲಿ ಐದರಲ್ಲಿ ಮಳೆ ಕಡಿಮೆ ಎಂದರ್ಥ. ಉಳಿದ ಐದರಲ್ಲಿ ಕಡಿಮೆ ಇಲ್ಲ. ಆ ಉಳಿದ ಐದರಲ್ಲಿ ಒಂದು ಬಂದರೆ ಮುನ್ಸೂಚನೆ ಸುಳ್ಳಾಯಿತು ಎಂದು ಬೈಯುವುದು ಸರಿಯಲ್ಲ.

ಈಗ ಮಳೆಯಿಂದ ನೀರಿಗೆ ಬರೋಣ. ಮಳೆ ಶೇ 20 ಕಡಿಮೆಯಾದರೆ ಕಟ್ಟೆಗೆ ಬರುವ ನೀರು ಅದಕ್ಕಿಂತ ಜಾಸ್ತಿ ಕುಸಿಯುತ್ತದೆ. ಬೇಸಿಗೆಯಲ್ಲಿ ಒಣಗಿದ ಕಾಡಿನ ಮಣ್ಣು, ಕಾಫಿ ತೋಟದ ಮಣ್ಣು ಮೊದಲು ತಾನು ಕುಡಿಯುತ್ತದೆ. ಮರಗಳು ತಮ್ಮ ಪಾಲು ಬಿಡುವುದಿಲ್ಲ. ಮಿಕ್ಕಿದ್ದು ಹಳ್ಳಕ್ಕೆ, ಹೊಳೆಗೆ. ಕೊರತೆ ಬಂದಾಗ ಪೆಟ್ಟು ಬೀಳುವುದು ಆ ಮಿಕ್ಕಿದ್ದಕ್ಕೆ.

ಇದನ್ನೆಲ್ಲ ಸೇರಿಸಿ ಲೆಕ್ಕ ಮಾಡುವ ಸರಳ ದಾರಿ ಒಂದಿದೆ. ಅಮೆರಿಕದ ಹವಾಮಾನ ಸೇವೆಯವರು ದಶಕಗಳಿಂದ ಅದನ್ನು ನದಿಗಳಿಗೆ ಬಳಸುತ್ತಿದ್ದಾರೆ. ಇವತ್ತು ನಾಲ್ಕು ಕಟ್ಟೆಗಳಲ್ಲಿ ಎಷ್ಟು ನೀರಿದೆ, ಮಣ್ಣು ಎಷ್ಟು ನೆನೆದಿದೆ ಎಂಬುದರಿಂದ ಶುರು ಮಾಡಿ. ಅದರ ಮೇಲೆ 1987ರ ಮಳೆ ಸುರಿಸಿ ನೋಡಿ, ಲೆಕ್ಕದಲ್ಲಿ. ಜನವರಿ ಕೊನೆಗೆ ಕೆಆರ್‌ಎಸ್ ಎಷ್ಟು ಅಡಿಗೆ ಬಂತು? ಬರೆದುಕೊಳ್ಳಿ. ಮತ್ತೆ ಇವತ್ತಿನ ಮಟ್ಟಕ್ಕೆ ಬಂದು 1988ರ ಮಳೆ ಸುರಿಸಿ. ಹೀಗೆ ಹತ್ತಿರ ಹತ್ತಿರ ನಲವತ್ತು ವರ್ಷ. ಅದಕ್ಕಿಂತ ಹಿಂದಿನದ್ದು ಬೇಡ, ಯಾಕೆಂದರೆ ಹೇಮಾವತಿ, ಹಾರಂಗಿ ಕಟ್ಟಿದ ಮೇಲೆ ಕೆಆರ್‌ಎಸ್‌ಗೆ ನೀರು ಬರುವ ರೀತಿಯೇ ಬದಲಾಗಿದೆ. ಎಲ್ ನಿನೊ ಇರುವ ವರ್ಷವಾದರೆ 1987, 2002, 2009, 2015, 2023ಕ್ಕೆ ಜಾಸ್ತಿ ತೂಕ ಕೊಡಿ. 1997ನ್ನೂ ಬಿಡಬೇಡಿ, ಅದು ನಮ್ಮನ್ನು ಅತಿಯಾದ ಹೆದರಿಕೆಯಿಂದ ಕಾಪಾಡುತ್ತದೆ.

ಕೊನೆಗೆ ಸಿಗುವುದು ಇಂಥ ಮಾತು: ಈಗಿನ ಸ್ಥಿತಿಯಲ್ಲಿ ಪೂರ್ತಿ ಭತ್ತಕ್ಕೆ ನೀರು ಕೊಟ್ಟರೆ ನಲವತ್ತರಲ್ಲಿ ಇಷ್ಟು ವರ್ಷ ಮಾರ್ಚ್‌ಗೆ ಕುಡಿಯುವ ನೀರಿಗೆ ಕಷ್ಟವಾಗುತ್ತದೆ. ಅರ್ಧಕ್ಕೆ ಕೊಟ್ಟರೆ ಇಷ್ಟು ವರ್ಷ. ಕಟ್ಟು ಪದ್ಧತಿಯಲ್ಲಿ, ಇಷ್ಟು ದಿನ ಬಿಟ್ಟು ಇಷ್ಟು ದಿನ ನಿಲ್ಲಿಸಿ ಕೊಟ್ಟರೆ ಇಷ್ಟು ವರ್ಷ. ಇದು ಮಂಡ್ಯದ ರೈತರಿಗೂ ಅರ್ಥವಾಗುತ್ತದೆ, ಬೆಂಗಳೂರಿನ ಅಪಾರ್ಟ್‌ಮೆಂಟ್‌ನವರಿಗೂ ಅರ್ಥವಾಗುತ್ತದೆ. ದೇಶದ ಮಳೆ ಶೇ 96 ಎಂಬುದರಿಂದ ಇಬ್ಬರಿಗೂ ಏನೂ ತಿಳಿಯುವುದಿಲ್ಲ.

ಇದಕ್ಕೆ ಬೇಕಾದ ಸಾಮಗ್ರಿ ನಮ್ಮಲ್ಲೇ ಇದೆ. 1988ರಲ್ಲಿ ಬರ ನಿಗಾ ಘಟಕವಾಗಿ ಶುರುವಾದದ್ದು ಇವತ್ತು ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿದೆ. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ತಾನೇ ಮಳೆ ಅಳೆದು ಕಳಿಸುವ ಮಾಪಕಗಳು ಸಾವಿರಾರು ಇವೆ. ಇಂಥ ಜಾಲ ದೇಶದಲ್ಲಿ ಬಹಳ ಕಡೆ ಇಲ್ಲ. ಕಟ್ಟೆಗಳ ಒಳಹರಿವು, ಹೊರಹರಿವು ದಿನವೂ ಪ್ರಕಟವಾಗುತ್ತದೆ.

ಮುನ್ಸೂಚನೆ ತಪ್ಪಿದರೆ ಯಾರಿಗೆ ಪೆಟ್ಟು ಎಂಬುದನ್ನೂ ಹೇಳಲೇಬೇಕು. ಜೂನ್‌ನಲ್ಲಿ ರೈತರಿಗೆ ಈ ಸಲ ಭತ್ತ ಬೇಡ, ರಾಗಿ ಹಾಕಿ ಎಂದು ಹೇಳುತ್ತೇವೆ ಎಂದಿಟ್ಟುಕೊಳ್ಳಿ. ಆಗಸ್ಟ್‌ನಲ್ಲಿ ಕಟ್ಟೆ ತುಂಬಿ ತುಳುಕಿತು. ಭತ್ತ ಹಾಕಿದ್ದರೆ ಸಿಗುತ್ತಿದ್ದ ಹಣ ಹೋಯಿತು. ಆ ನಷ್ಟ ರೈತರೊಬ್ಬರ ತಲೆ ಮೇಲೆ ಬೀಳಬಾರದು. ಬೆಂಗಳೂರಿನ ನಲ್ಲಿಗೆ ಖಾತ್ರಿ ಬೇಕು ಎಂದು ಮಂಡ್ಯದವರು ಬೆಳೆ ಬಿಟ್ಟರೆ, ಆ ಖಾತ್ರಿಗೆ ಬೆಂಗಳೂರು ಬೆಲೆ ಕೊಡಬೇಕು. ಎಕರೆಗೆ ಇಷ್ಟು ಎಂದು ಮೇ ತಿಂಗಳಲ್ಲೇ ಬರೆದು, ಬಿತ್ತನೆ ರಾಗಿಯನ್ನು ರೈತ ಸಂಪರ್ಕ ಕೇಂದ್ರದಲ್ಲಿ ಮೊದಲೇ ಇಟ್ಟಿರಬೇಕು. ಇಷ್ಟು ಮಾಡದೆ ಸುಮ್ನೆ ಬೆಳೆ ಬದಲಿಸಿ ಎಂದು ಹೇಳುವ ಹಕ್ಕು ಯಾರಿಗೂ ಇಲ್ಲ.

ಸಭೆಯ ಪ್ರಶ್ನೆಗಳು

ಮಳೆ ನಕ್ಷತ್ರ ನೋಡುವುದನ್ನು ಬಿಡಬೇಕಾ ಎಂದು ಹಿರಿಯರೊಬ್ಬರು ಕೇಳಿದರು. ಬಿಡಬೇಕಾಗಿಲ್ಲ. ನಕ್ಷತ್ರಗಳ ಲೆಕ್ಕ ಸೂರ್ಯನ ಚಲನೆಯದ್ದು, ಪ್ರತಿ ವರ್ಷ ಹೆಚ್ಚುಕಡಿಮೆ ಅದೇ ತಾರೀಖಿಗೆ ಬರುತ್ತದೆ. ಯಾವಾಗ ಏನು ಬಿತ್ತಬೇಕು ಎಂಬ ತಲೆಮಾರುಗಳ ಅನುಭವ ಅದರಲ್ಲಿದೆ. ಆದರೆ ಈ ವರ್ಷದ ಮಘೆ ಹೋದ ವರ್ಷದ ಮಘೆಗಿಂತ ಹೇಗೆ ಬೇರೆ ಎಂದು ಅದು ಹೇಳಲಾರದು. ಅದಕ್ಕೆ ಸಮುದ್ರವನ್ನೇ ನೋಡಬೇಕು.

ಏಪ್ರಿಲ್‌ನ ಮುನ್ಸೂಚನೆ ನಂಬಬೇಕಾ, ಮೇ ಕೊನೆಯದ್ದಾ ಎಂಬುದು ಇನ್ನೊಂದು ಪ್ರಶ್ನೆ. ಮೇ ಕೊನೆಯದ್ದು. ಮಾರ್ಚ್, ಏಪ್ರಿಲ್‌ನಲ್ಲಿ ಪೆಸಿಫಿಕ್ ಯಾವ ಕಡೆ ತಿರುಗುತ್ತದೆ ಎಂದು ಹೇಳುವುದು ಎಲ್ಲ ಮಾದರಿಗಳಿಗೂ ಕಷ್ಟ. ಏಪ್ರಿಲ್‌ನದ್ದು ಹಣ, ಬೀಜ, ಮೇವು ಹೊಂದಿಸಿಕೊಳ್ಳಲು ಸಾಕು. ಯಾವ ಬೆಳೆ ಎಂಬ ತೀರ್ಮಾನಕ್ಕೆ ಮೇ ಕೊನೆಯದ್ದು ನೋಡಿ. ನಾಲೆಯಲ್ಲಿ ಎಷ್ಟು ದಿನ ನೀರು ಎಂಬುದಕ್ಕೆ ಜುಲೈ ಕೊನೆಯದ್ದು. ಅದಾದ ಮೇಲೆ ಪ್ರತಿ ಗುರುವಾರ ಮುಂದಿನ ನಾಲ್ಕು ವಾರಗಳ ಅಂದಾಜು ಬರುತ್ತದೆ, ಅದರಲ್ಲಿ ಮೊದಲ ಎರಡು ವಾರದ್ದು ಚೆನ್ನಾಗಿಯೇ ಕೆಲಸಕ್ಕೆ ಬರುತ್ತದೆ.

ಬರದ ಬಗ್ಗೆಯೇ ಹೇಳಿದಿರಿ, ಒಳ್ಳೆ ವರ್ಷ ಇದರಿಂದ ಏನು ಉಪಯೋಗ ಎಂದು ಒಬ್ಬ ತಾಯಿ ಕೇಳಿದರು. ಬಹಳ ಉಪಯೋಗ ಇದೆ, ಅಮ್ಮ. 2025ರಲ್ಲಿ ಏಪ್ರಿಲ್‌ನಲ್ಲೇ ಶೇ 105 ಎಂದಿದ್ದರು. ಕೆಆರ್‌ಎಸ್ ತನ್ನ ಇತಿಹಾಸದಲ್ಲೇ ಮೊದಲ ಸಲ ಜೂನ್ ತಿಂಗಳಲ್ಲೇ ತುಂಬಿತು. ಅಂಥ ವರ್ಷ ನಾಲೆ ಸಾಲಿನ ಕೆರೆಗಳನ್ನು ತುಂಬಿಸಲು ಆಗಸ್ಟ್ ತನಕ ಕಾಯಬೇಕಾಗಿಲ್ಲ. ತೂಬು, ಕೋಡಿ, ಕಾಲುವೆಯ ಹೂಳು ಮೇ ತಿಂಗಳಲ್ಲೇ ಸರಿಯಾಗಿದ್ದರೆ, ಹೊಳೆಗೆ ಹೋಗುವ ಹೆಚ್ಚುವರಿ ನೀರು ಬಂದ ವಾರವೇ ಕೆರೆಗೆ ತಿರುಗಿಸಬಹುದು. ಕೆರೆ ತುಂಬಿದರೆ ಸುತ್ತಲಿನ ಬೋರ್‌ವೆಲ್‌ಗಳಿಗೆ ಮುಂದಿನ ಬೇಸಿಗೆಗೂ ನೀರು ಸಿಗುತ್ತದೆ. ನಿಮ್ಮ ಊರಿನ ಕೆರೆಯ ಕಾಲುವೆ ಮುಚ್ಚಿಹೋಗಿದ್ದರೆ ಮುಂದಿನ ಏಪ್ರಿಲ್‌ನ ಸಂಖ್ಯೆಗೆ ಕಾಯಬೇಡಿ, ಈಗಲೇ ಪಂಚಾಯಿತಿಯಲ್ಲಿ ಅರ್ಜಿ ಕೊಡಿ.